ಶಾಲೆಯಿಂದ ಮಗ್ಗದ ಶೆಡ್ಡಿನ ತನಕ

ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯ ಮಗ್ಗದ ಶೆಡ್ಡಿನೊಳಗೆ ಮಾತು ನಡೆಯುವುದಿಲ್ಲ. ಲಾಳಿಯ ಬಡಿತದಲ್ಲಿ ಕೂಗಿದರೂ ಕೇಳದು. ಹುಬ್ಬು, ತುಟಿ, ಬೆರಳುಗಳಲ್ಲೇ ವ್ಯವಹಾರ. ಚಹಾಕ್ಕೆ ಒಂದು ಸನ್ನೆ, ಮಾಲೀಕ ಬಂದನೆನ್ನಲು ಇನ್ನೊಂದು. ಕಿವುಡ ಹುಡುಗನೊಬ್ಬ ಅಲ್ಲಿ ಕೆಲಸಕ್ಕೆ ಸೇರಿದರೆ ಮಿಕ್ಕವರಿಗಿಂತ ಒಂದು ಹೆಜ್ಜೆ ಮುಂದೇ ಇರುತ್ತಾನೆ. ಆದರೆ ‘ಅವನಿಗೆ ಸದ್ದಿನ ಕಾಟವಿಲ್ಲ, ಒಳ್ಳೆಯದೇ ಆಯಿತು’ ಎನ್ನುವವರು ಒಂದನ್ನು ಮರೆಯುತ್ತಾರೆ. ಪಳಗಿದ ಕೈ ಮಗ್ಗದ ಕೆಡುಕನ್ನು ಮೊದಲು ಹಿಡಿಯುವುದು ಕಿವಿಯಿಂದ. ಕೇಳದವನು ಅದನ್ನು ಚೌಕಟ್ಟಿನ ಮೇಲೆ ಅಂಗೈಯಿಟ್ಟು, ನಡುಕದಲ್ಲಿ ಗುರುತಿಸಬೇಕು. ಶಾಲೆಯ ಬೆಂಚಿನಲ್ಲಿ ಇದು ಬಾರದು. ಶೆಡ್ಡಿನಲ್ಲೇ ಪಕ್ಕಕ್ಕೆ ಒಬ್ಬರು ನಿಂತು ಕಲಿಸಬೇಕು. ನಮ್ಮ ಪುನರ್ವಸತಿ ಕ್ಷೇತ್ರಕ್ಕೆ ಈ ‘ಪಕ್ಕಕ್ಕೆ ಒಬ್ಬರು’ ಹೊಳೆಯಲು ಹತ್ತಿರಹತ್ತಿರ ನಲವತ್ತು ವರ್ಷ ಹಿಡಿಯಿತು.

ಅಂಗವಿಕಲರಿಗೆಂದೇ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ಮುಂಬೈಯಲ್ಲಿ ತೆರೆದದ್ದು 1959ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ, ಸ್ವತಃ ಪೋಲಿಯೊ ಬಾಧಿತರಾಗಿದ್ದ ಎನ್.ಎಸ್. ಹೇಮಾ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದರು. 1968ರಲ್ಲಿ ಮುಂಬೈ, ಹೈದರಾಬಾದುಗಳಲ್ಲಿ ವೃತ್ತಿ ಪುನರ್ವಸತಿ ಕೇಂದ್ರಗಳು ಬಂದವು. 1977ರಲ್ಲಿ ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಲ್ಲಿ ಶೇ. 3 ಮೀಸಲಾತಿ. ಆ ಕಾಲದ ಕಲಿಕೆ ಎಂದರೆ ಕುರ್ಚಿಗೆ ಬೆತ್ತ ಹೆಣೆಯುವುದು, ಮೇಣದಬತ್ತಿ, ಸೀಮೆಸುಣ್ಣ, ಹೊಲಿಗೆ. ಊರಿಗೆ ಯಾವುದು ಬೇಕು ಎಂದು ಯಾರೂ ಕೇಳಿದಂತಿಲ್ಲ. ಆಮೇಲೆ ಎಸ್‌ಟಿಡಿ ದೂರವಾಣಿ ಬೂತು ಬಂತು. ಒಂದು ತಲೆಮಾರಿನ ಪೋಲಿಯೊ ಹುಡುಗರಿಗೆ ಅನ್ನ ಕೊಟ್ಟು, ಮೊಬೈಲು ಬಂದೊಡನೆ ಬಾಗಿಲು ಹಾಕಿಕೊಂಡಿತು.

ಕೊಲ್ಹಾಪುರದ ದಾರಿ ಸ್ವಲ್ಪ ಬೇರೆ. ಶಾಹು ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ಶೇ. 50 ಹುದ್ದೆಗಳನ್ನು ಕಾದಿರಿಸಿದ ಊರಿದು. ಆದರೆ ನನ್ನ ಲೆಕ್ಕಕ್ಕೆ ಅವರ ದೊಡ್ಡ ಕೆಲಸ ಹಾಸ್ಟೆಲುಗಳದು. 1901ರಿಂದಾಚೆಗೆ ಒಂದೊಂದು ಸಮುದಾಯಕ್ಕೂ ಬೋರ್ಡಿಂಗು. ಹಳ್ಳಿಯ ಹುಡುಗ ಊಟ, ಹಾಸಿಗೆ ಸಿಕ್ಕರಷ್ಟೇ ಶಾಲೆಯಲ್ಲಿ ಉಳಿಯುತ್ತಾನೆಂಬುದು ಅವರಿಗೆ ಗೊತ್ತಿತ್ತು. ಹದಿಹರೆಯದಲ್ಲೇ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ನಸೀಮಾ ಹುರಜೂಕ್ 1984ರಲ್ಲಿ ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್ ಸಂಸ್ಥೆ ಶುರುಮಾಡಿದಾಗ ಹಿಡಿದದ್ದೂ ಇದೇ ಜಾಡನ್ನು. ಉಚಗಾಂವ್‌ನಲ್ಲಿ ‘ಘರೌಂದಾ’ ವಸತಿನಿಲಯ, ಸಮರ್ಥ ವಿದ್ಯಾಮಂದಿರ. ಶಾಲೆ ಮುಗಿಸಿದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಸಿಂಧುದುರ್ಗದಲ್ಲಿ ‘ಸ್ವಪ್ನನಗರಿ’ಯ ಗೇರುಬೀಜ ಘಟಕ. ಕೇಂದ್ರ ಅಬಕಾರಿ ಇಲಾಖೆಯಲ್ಲಿ ನೌಕರಿ ಮಾಡಿದ್ದ ಅವರಿಗೆ ಸಂಬಳ ಕೈಗೆ ಬಂದರೆ ಮನೆಯವರ ದನಿ ಹೇಗೆ ಬದಲಾಗುತ್ತದೆಂದು ತಿಳಿದಿತ್ತು. ಅವರ ಮರಾಠಿ ಆತ್ಮಕಥೆ ‘ಚಾಕಾಚಿ ಖುರ್ಚಿ’ಯನ್ನು ಈ ಕ್ಷೇತ್ರದವರು ಓದದೆ ಇರಬಾರದು. ಒಂದು ತಕರಾರು ಮಾತ್ರ ನನಗಿದೆ: ಇರುವ ಮನೆ, ಕಲಿಯುವ ಶಾಲೆ, ದುಡಿಯುವ ಜಾಗ ಎಲ್ಲವೂ ಒಂದೇ ಆವರಣದ ನೆರಳಿನಲ್ಲಿದ್ದರೆ ಹೊರಗಿನ ಕಾರ್ಖಾನೆ ಬದಲಾಗಬೇಕಾದ ಅಗತ್ಯವೇ ಬೀಳುವುದಿಲ್ಲ. ಕೊಲ್ಹಾಪುರ ಪಕ್ಕದ ಶಿರೋಲಿಯ ಫೌಂಡ್ರಿಗಳ ಮೆಟ್ಟಿಲುಗಳು ಹಾಗೇ ಉಳಿದವು.

ಅತ್ತ ಅಮೆರಿಕದ 1990ರ ವಿಶೇಷ ಶಿಕ್ಷಣದ ಕಾನೂನು, ವಿದ್ಯಾರ್ಥಿಗೆ 16 ತುಂಬುವುದರೊಳಗೆ ಶಾಲೆಯೇ ಮುಂದಿನ ಕೆಲಸದ ಯೋಜನೆ ಬರೆಯಬೇಕೆಂದಿತು. ಮೊದಲು ಕೆಲಸಕ್ಕೆ ಸೇರಿಸು, ಅಲ್ಲೇ ಕಲಿಸು ಎಂಬ ಪದ್ಧತಿ ಬೆಳೆದದ್ದೂ ಆ ಸುಮಾರಿಗೆ. ಬೆಂಗಳೂರಿನಲ್ಲಿ 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ ಕಂಪನಿಗಳ ಒಳಗೇ ಹೋಗಿ ಕೆಲಸವನ್ನು ಬಿಡಿಬಿಡಿಯಾಗಿ ನೋಡತೊಡಗಿತು. ನಮ್ಮ 1995ರ ಅಂಗವಿಕಲರ ಕಾಯ್ದೆಯಲ್ಲಿ ಮೀಸಲಾತಿ ಇತ್ತು, ಶಾಲೆಯನ್ನೂ ಕೆಲಸವನ್ನೂ ಬೆಸೆಯುವ ಈ ಜೋಡಣೆ ಇರಲಿಲ್ಲ. 2016ರ ಕಾಯ್ದೆ ಅಂಗವಿಕಲತೆಗಳನ್ನು 21ಕ್ಕೂ ಮೀಸಲಾತಿಯನ್ನು ಶೇ. 4ಕ್ಕೂ ಏರಿಸಿತು, ಆಟಿಸಂ, ಬೌದ್ಧಿಕ ಅಂಗವಿಕಲತೆಯವರೂ ಅದರೊಳಗೆ ಬಂದರು. ಭಾರತದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರದು. ಅಂದರೆ ಹಳೆಯ ತರಬೇತಿ ಯಾರಿಗಾಗಿ ರೂಪುಗೊಂಡಿತ್ತೋ ಅವರು ಈಗ ತರಗತಿಯಲ್ಲಿಲ್ಲ; ಇರುವವರಿಗೆ ಹೊಲಿಗೆ ಮೆಷಿನ್ನಿಗಿಂತ ಜೊತೆಗಾರರೇ ಹೆಚ್ಚು ಬೇಕು. ಆ ಜೊತೆ ಬೇಕಾಗುವ ಹೊತ್ತಿಗೇ ಉಚಿತ ಶಿಕ್ಷಣದ ಹಕ್ಕು 18ಕ್ಕೆ ನಿಲ್ಲುತ್ತದೆ.

ಕೊಲ್ಹಾಪುರ ಜಿಲ್ಲೆಯದೇ ಗಡಿಭಾಗವಾದ ಗಡಹಿಂಗ್ಲಜ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ಗಂಟು. ಮನೆಮಾತು ಕನ್ನಡ, ಶಾಲೆ ಮರಾಠಿ. ತುಟಿ ನೋಡಿ ಮಾತು ತಿಳಿಯುವ ಮಗು ತಾಯಿಯ ತುಟಿಯಲ್ಲಿ ‘ನೀರು’ ಓದಿದರೆ ಗುರುಗಳ ತುಟಿಯಲ್ಲಿ ‘ಪಾಣಿ’ ಓದಬೇಕು. ಸನ್ನೆಭಾಷೆಯಾದರೆ ಗಡಿ ಅಡ್ಡ ಬರುವುದಿಲ್ಲ. ಮನೆಯವರಿಗೆ ಅದನ್ನು ಕಲಿಸುವವರು ಬೇಕಷ್ಟೆ.

ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ವಿಠ್ಠಲರಾವ್ ದಾತಾರರಿಂದ. ಇಂದು ಅಲ್ಲಿ ಕೂತು ಮಾಡುವ ಕೆಲಸಗಳಿಗೆ ಕೊರತೆಯಿಲ್ಲ: ಕಂಡಿಕೆ ಸುತ್ತುವುದು, ಅಚ್ಚಿನಲ್ಲಿ ಎಳೆ ತುಂಬುವುದು, ಬಟ್ಟೆಯ ದೋಷ ನೋಡುವುದು. ತೊಡಕಿರುವುದು ಕೂಲಿಯಲ್ಲಿ. ಮಾಡಿದಷ್ಟಕ್ಕೆ ಲೆಕ್ಕ, ನಿಧಾನದ ಮೊದಲ ಮೂರು ತಿಂಗಳ ನಷ್ಟವನ್ನು ಮಾಲೀಕ ಹೊರುವುದಿಲ್ಲ, ಶಾಲೆ ಆಗಲೇ ಕೈಬಿಟ್ಟಿರುತ್ತದೆ. ಮಗನಿಗೆ ದಾರಿ ರೂಢಿಯಾಗುವ ತನಕ ಬಸ್ಸಿನಲ್ಲಿ ಜೊತೆಗೆ ಬರುವವಳು ತಾಯಿ. ಆ ದಿನಗಳ ಅವಳ ಹೊಲದ ಕೂಲಿ ಯಾವ ಯೋಜನೆಯ ಖರ್ಚಿನ ಪಟ್ಟಿಯಲ್ಲೂ ಬರೆದಿರುವುದಿಲ್ಲ.