ರೆಜಿಯೊಮೊಂಟಾನಸ್

ರೆಜಿಯೊಮೊಂಟಾನಸ್: 1436–1476. ಜರ್ಮನಿಯ ಖಗೋಳಜ್ಞ, ಗಣಿತಜ್ಞ, ಜ್ಯೋತಿಷಿ. ಗಣಿತ ಮತ್ತು ಖಗೋಳ ಗ್ರಂಥಗಳಿಗೆಂದೇ ಅಚ್ಚುಕೂಟ ತೆರೆದವರಲ್ಲಿ ಮೊದಲಿಗ. ನಿಜ ಹೆಸರು ಯೋಹಾನೆಸ್ ಮ್ಯುಲರ್. ಹುಟ್ಟಿದ್ದು 1436ರ ಜೂನ್ 6ರಂದು, ಫ್ರಾಂಕೋನಿಯ ಪ್ರಾಂತದ ಕೋನಿಗ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. (ತತ್ತ್ವಜ್ಞಾನಿ ಕಾಂಟ್‌ನ ಕೋನಿಗ್ಸ್‌ಬರ್ಗ್ ಬಾಲ್ಟಿಕ್ ತೀರದ್ದು, ಅದು ಬೇರೆ.) ಊರ ಹೆಸರಿನ ಅರ್ಥ ರಾಜಗಿರಿ; ಅದಕ್ಕೆ ಲ್ಯಾಟಿನ್ ವೇಷ ತೊಡಿಸಿದರೆ ರೆಜಿಯೊಮೊಂಟಾನಸ್. ನಮ್ಮಲ್ಲೂ ಎಷ್ಟೋ ಮಂದಿಗೆ ಊರ ಹೆಸರೇ ಕೊನೆಗೆ ಉಳಿಯುವುದುಂಟು. ಇವನಿಗಂತೂ ಈ ರೂಪ ಅಂಟಿಕೊಂಡದ್ದು ಸತ್ತ ಮೇಲೆ.

ಹನ್ನೊಂದರ ಹುಡುಗ ಲೈಪ್‌ಜಿಗ್ ವಿಶ್ವವಿದ್ಯಾಲಯ ಸೇರಿದ. 1450ರಲ್ಲಿ ವಿಯೆನ್ನಾಕ್ಕೆ ಬಂದ. ಎರಡೇ ವರ್ಷಕ್ಕೆ ಪದವಿ ಸಿಕ್ಕಿತು. ಮುಂದಿನ ಪದವಿಗೆ ಇಪ್ಪತ್ತೊಂದು ತುಂಬಬೇಕೆಂಬ ನಿಯಮವಿದ್ದುದರಿಂದ 1457ರವರೆಗೆ ಕಾಯಬೇಕಾಯಿತು. ಕಾದದ್ದು ವ್ಯರ್ಥವಾಗಲಿಲ್ಲ, ಗೇಯೋರ್ಗ್ ಪೊಯರ್‌ಬಾಖ್‌ನಂಥ ಗುರು ದೊರೆತ. ಆಗ ಯೂರೋಪು ಗ್ರಹಗಣಿತಕ್ಕೆ ನೆಚ್ಚಿದ್ದು 13ನೆಯ ಶತಮಾನದ ಸ್ಪೇನಿನಲ್ಲಿ ಸಿದ್ಧವಾದ ಆಲ್ಫಾನ್ಸೊ ಕೋಷ್ಟಕಗಳನ್ನು. ಗುರುಶಿಷ್ಯರು ಕೋಷ್ಟಕ ಬಿಡಿಸಿ ನೋಡಿದರು, ಆಮೇಲೆ ತಲೆಯೆತ್ತಿ ಆಕಾಶ ನೋಡಿದರು. ಮಂಗಳ ಇರಬೇಕಾದ ಕಡೆಯಿಂದ ಎರಡು ಡಿಗ್ರಿ ಆಚೆಗಿದ್ದ. ಎರಡು ಡಿಗ್ರಿಯೆಂದರೆ ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಬರಿಗಣ್ಣಿಗೇ ಸಿಗುವ ತಪ್ಪು. ಚಂದ್ರಗ್ರಹಣವೂ ಕೋಷ್ಟಕ ಹೇಳಿದ ಹೊತ್ತಿಗೆ ಹಿಡಿಯಲಿಲ್ಲ.

ಇಂಥ ತಪ್ಪು ಅವನನ್ನು ಎರಡು ಕಡೆಯಿಂದ ಕಾಡಿರಬೇಕು. ಚಕ್ರವರ್ತಿ ಮೂರನೆಯ ಫ್ರೆಡೆರಿಕ್‌ನ ಪತ್ನಿಗೂ ಮಗ ಮ್ಯಾಕ್ಸಿಮಿಲಿಯನ್‌ಗೂ ಜಾತಕ ಬರೆದವನು ಅವನೇ. ಗಣಿತಭಾಗ ಕೆಟ್ಟರೆ ಫಲಭಾಗಕ್ಕೆ ನೆಲೆಯೇ ಇಲ್ಲ. ಎರಡು ಡಿಗ್ರಿ ಜಾರಿದ ಗ್ರಹ ಪಕ್ಕದ ಮನೆಗೆ ಹೋಗಿ ಕುಳಿತುಬಿಡಬಹುದು. ವಿಜ್ಞಾನಿಯೇನೋ ಹೌದು, ಹೊಟ್ಟೆಪಾಡಿಗೆ ಜಾತಕ ಬರೆದ ಎಂದು ಕೆಲವರು ಅವನ ಪರವಾಗಿ ಸಮಜಾಯಿಷಿ ಕೊಡುವುದುಂಟು. ಅವನ ಪುಸ್ತಕಗಳು ಅದನ್ನು ಒಪ್ಪುವುದಿಲ್ಲ. 1467ರಲ್ಲಿ ಹಂಗೇರಿಯಲ್ಲಿದ್ದಾಗ ಮಾರ್ಟಿನ್ ಬಿಲಿಕಾ ಎಂಬ ಜ್ಯೋತಿಷಿಯ ಜೊತೆ ಸೇರಿ ಸಿದ್ಧಪಡಿಸಿದ ಕೋಷ್ಟಕಗಳು ಫಲಜ್ಯೋತಿಷಕ್ಕೆಂದೇ ಹುಟ್ಟಿದವು. ವಿಷುವದ್ವೃತ್ತವನ್ನು ಮೂವತ್ತು ಮೂವತ್ತು ಡಿಗ್ರಿಗಳಾಗಿ ಹನ್ನೆರಡು ಪಾಲು ಮಾಡಿ, ಕ್ಷಿತಿಜದ ಉತ್ತರ ಮತ್ತು ದಕ್ಷಿಣ ಬಿಂದುಗಳ ಮೂಲಕ ಹಾಯುವ ವೃತ್ತಗಳಿಂದ ಆ ಪಾಲುಗಳನ್ನು ಕ್ರಾಂತಿವೃತ್ತಕ್ಕೆ ಒಯ್ಯುವುದು ಅದರ ಭಾವವಿಭಾಗ ಪದ್ಧತಿ. ಪಶ್ಚಿಮದ ಜ್ಯೋತಿಷಿಗಳು ಇದನ್ನು ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅದೇ ಪುಸ್ತಕದಲ್ಲಿ ಒಂದು ಲಕ್ಷವನ್ನು ತ್ರಿಜ್ಯವಾಗಿ ಹಿಡಿದ ಟ್ಯಾಂಜೆಂಟ್ ಕೋಷ್ಟಕವೂ ಇದೆ. ಇಂಥ ಕಡೆ ಗಣಿತಜ್ಞನನ್ನೂ ಜೋಯಿಸನನ್ನೂ ಬಿಡಿಸಿ ಕೂರಿಸುವುದು ಹೇಗೆ?

1461ರಲ್ಲಿ ಪೊಯರ್‌ಬಾಖ್ ತೀರಿಕೊಂಡ. ಟಾಲೆಮಿಯ ‘ಆಲ್ಮಜೆಸ್ಟ್’ ಗ್ರಂಥದ ಸಂಗ್ರಹವನ್ನು ಅವನು ಆರು ಭಾಗದವರೆಗೆ ಮುಗಿಸಿದ್ದ. ಉಳಿದದ್ದನ್ನು ಶಿಷ್ಯ ಪೂರೈಸಿದ. ಈ ಕೆಲಸ ಮಾಡಿಸಿದ ಗ್ರೀಕ್ ಮೂಲದ ಕಾರ್ಡಿನಲ್ ಬೆಸ್ಸಾರಿಯನ್ ಅವನನ್ನು ಇಟಲಿಗೂ ಕರೆದೊಯ್ದ. ಸಂಗ್ರಹ ಎಂಬ ಹೆಸರಿದ್ದರೂ ಅದರಲ್ಲಿ ಮೂಲವನ್ನು ಕೆಣಕುವ ಮಾತುಗಳಿವೆ. ಟಾಲೆಮಿಯ ಲೆಕ್ಕ ನಿಜವಾದರೆ ಅಷ್ಟಮಿಯ ಆಸುಪಾಸಿನ ಚಂದ್ರ ಕೆಲವೊಮ್ಮೆ ಭೂಮಿಗೆ ಬಹುತೇಕ ಎರಡು ಪಟ್ಟು ಹತ್ತಿರ ಬರಬೇಕು. ಅವನ ಇಡೀ ಬಿಂಬ ಬೆಳಗಿದ್ದರೆ ಹುಣ್ಣಿಮೆಯದರ ನಾಲ್ಕರಷ್ಟು ಹರವಾಗಿ ಕಾಣಬೇಕು. ಅಷ್ಟಮಿಯ ರಾತ್ರಿ ಅಂಗಳದಲ್ಲಿ ನಿಂತ ಯಾರಿಗೂ ಅಂಥ ದೈತ್ಯ ಚಂದ್ರ ಕಂಡಿಲ್ಲ. ಡಮಾಸ್ಕಸ್‌ನ ಇಬ್ನ್ ಅಲ್-ಶಾತಿರ್ 14ನೆಯ ಶತಮಾನದಲ್ಲೇ ಈ ತೊಡಕನ್ನು ಬಗೆಹರಿಸಿದ್ದ. ಆದರೆ ಕೊಪರ್ನಿಕಸ್ ಓದಿದ್ದು 1496ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಈ ಸಂಗ್ರಹವನ್ನು.

ತ್ರಿಕೋನಗಳ ಮೇಲಿನ ಅವನ ಗ್ರಂಥ 1464ರ ಹೊತ್ತಿಗೆ ಸಿದ್ಧವಾಗಿತ್ತು. ಯೂರೋಪಿನಲ್ಲಿ ತ್ರಿಕೋನಮಿತಿಯನ್ನು ಖಗೋಳದ ಊಳಿಗದಿಂದ ಬಿಡಿಸಿ ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದ್ದು ಇದು. ಅದರ ತುಂಬ ಕಾಣುವ ‘ಸೈನ್’ ನಮಗೆ ಹೊಸಬನಲ್ಲ: ಆರ್ಯಭಟನ ‘ಜ್ಯಾ’ ಅರಬ್ಬರ ಬಾಯಲ್ಲಿ ‘ಜೀಬ’ ಆಗಿ, ಅದನ್ನು ಬೇರೆ ಪದವೆಂದು ಓದಿಕೊಂಡ ಅನುವಾದಕರ ಕೈಯಲ್ಲಿ ಲ್ಯಾಟಿನ್ನಿನ ‘ಸೈನಸ್’ ಆಯಿತು.

1471ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನೆಲೆಸಿದ. ಒಳ್ಳೆಯ ಉಪಕರಣ ಮಾಡುವ ಕುಶಲಕರ್ಮಿಗಳು ಅಲ್ಲಿದ್ದರು. ವ್ಯಾಪಾರಿಗಳು ಓಡಾಡುವ ಊರಾದ್ದರಿಂದ ಎಲ್ಲೆಡೆಯ ವಿದ್ವಾಂಸರ ಜೊತೆ ಪತ್ರವ್ಯವಹಾರ ಸುಲಭವೆಂದು ತಾನೇ ಬರೆದಿದ್ದಾನೆ. ಬರ್ನ್‌ಹಾರ್ಡ್ ವಾಲ್ಟರ್ ಎಂಬ ಸಿರಿವಂತ ಜೊತೆಗಾರನಾದ. ನಕಲುಗಾರ ಒಂದು ಅಂಕಿ ತಪ್ಪಿದರೆ ಮುಂದಿನ ನೂರು ಪ್ರತಿಗಳಿಗೂ ಆ ತಪ್ಪು ಹರಡುವ ಕಾಲ ಅದು. ಮೊಳೆ ಜೋಡಿಸಿ ಒಮ್ಮೆ ತಿದ್ದಿಕೊಂಡರೆ ಎಲ್ಲ ಪ್ರತಿಯೂ ಒಂದೇ ಎಂಬ ಲೆಕ್ಕಾಚಾರದಿಂದ ಅಚ್ಚುಕೂಟ ಹೂಡಿದ. ಮೊದಲು ಹೊರಬಂದದ್ದು ಗುರುವಿನ ಪುಸ್ತಕ.

1474ರಲ್ಲಿ ಬಂದ ಅವನ ಗ್ರಹಪಂಚಾಂಗದ್ದು ಸುಮಾರು 900 ಪುಟ, 1475ರಿಂದ 1506ರವರೆಗಿನ ಒಂದೊಂದು ದಿನಕ್ಕೂ ಒಂದೊಂದು ಸಾಲು. ಸಾಲಿನುದ್ದಕ್ಕೂ ಸೂರ್ಯ, ಚಂದ್ರ, ಐದು ಗ್ರಹಗಳು, ಕೊನೆಗೆ ‘ಸರ್ಪಶಿರ’. ಅಂದರೆ ನಮ್ಮ ರಾಹುವೇ. 1504ರ ಫೆಬ್ರವರಿ 29ರ ಚಂದ್ರಗ್ರಹಣವನ್ನು ಮುಂಚೆಯೇ ಹೇಳಿ ಕೊಲಂಬಸ್ ಜಮೈಕಾದ ಜನರನ್ನು ಹೆದರಿಸಿ ಆಹಾರ ಪಡೆದದ್ದು ಇದನ್ನು ನೋಡಿಕೊಂಡೇ ಎನ್ನುವವರು ಬಹಳ. ಜಕುಟೊ ಎಂಬ ಖಗೋಳಜ್ಞನ ಪಂಚಾಂಗ ಎನ್ನುವವರೂ ಇದ್ದಾರೆ.

ಹಬ್ಬದ ದಿನಗಳ ಗೊಂದಲವನ್ನೂ ಅವನು ಬಿಡಲಿಲ್ಲ. ಚರ್ಚು ಈಸ್ಟರ್‌ಗೆ ಗೊತ್ತುಮಾಡುತ್ತಿದ್ದ ದಿನ ಯಾವ ಯಾವ ವರ್ಷ ತಪ್ಪುತ್ತದೆಂದು ತನ್ನ ಕ್ಯಾಲೆಂಡರಿನಲ್ಲಿ ಪಟ್ಟಿ ಮಾಡಿದ. ಕ್ಯಾಲೆಂಡರ್ ತಿದ್ದಲೆಂದು ಪೋಪ್ ನಾಲ್ಕನೆಯ ಸಿಕ್ಸ್ಟಸ್ 1475ರಲ್ಲಿ ರೋಮಿಗೆ ಕರೆಸಿಕೊಂಡ. ಮರುವರ್ಷ ಜುಲೈ 6ರಂದು ರೆಜಿಯೊಮೊಂಟಾನಸ್ ಅಲ್ಲೇ ಸತ್ತ, ಬಹುಶಃ ಪ್ಲೇಗಿನಿಂದ, ವಯಸ್ಸು ನಲವತ್ತು. ಅವನು ತೀವ್ರವಾಗಿ ಖಂಡಿಸಿದ್ದ ಟ್ರೆಬಿಜೊಂಡ್‌ನ ಜಾರ್ಜ್ ಎಂಬ ವಿದ್ವಾಂಸನ ಮಕ್ಕಳು ವಿಷ ಹಾಕಿದರೆಂಬ ಗಾಳಿಸುದ್ದಿಯೂ ಹಬ್ಬಿತು. ಕ್ಯಾಲೆಂಡರ್ ತಿದ್ದುಪಡಿಗೆ 1582 ಬರಬೇಕಾಯಿತು.

ಆಕಾಶವೀಕ್ಷಣೆಯನ್ನು ವಾಲ್ಟರ್ 1504ರಲ್ಲಿ ತಾನು ಸಾಯುವವರೆಗೂ ನಡೆಸಿದ. ಗೆಳೆಯನ ಕಾಗದಪತ್ರಗಳನ್ನು ಮಾತ್ರ ಯಾರ ಕೈಗೂ ಕೊಡದೆ ಬೀಗ ಹಾಕಿಟ್ಟ. ತ್ರಿಕೋನಗಳ ಗ್ರಂಥ ಅಚ್ಚು ಕಂಡದ್ದು 1533ರಲ್ಲಿ, ನ್ಯೂರೆಂಬರ್ಗ್‌ನಲ್ಲೇ, ಪೆಟ್ರೇಯಸ್‌ನ ಅಚ್ಚುಕೂಟದಲ್ಲಿ. ಹತ್ತು ವರ್ಷದ ಮೇಲೆ ಕೊಪರ್ನಿಕಸ್‌ನ ಪುಸ್ತಕ ಹೊರಬಂದದ್ದೂ ಅಲ್ಲಿಂದಲೇ.