ಭಾರತೀಯ ವಾಣಿಜ್ಯ ನಾವಿಕರು: ಮಹಾಯುದ್ಧಗಳ ಕಾಲ

ಎರಡು ಮಹಾಯುದ್ಧಗಳಲ್ಲಿ ಸರಕು ಹಾಗೂ ಪ್ರಯಾಣಿಕರ ಹಡಗುಗಳಲ್ಲಿ ದುಡಿದು, ಶತ್ರುವಿನ ದಾಳಿಗೆ ಸಿಕ್ಕಿ ಸಾವಿರಾರು ಸಂಖ್ಯೆಯಲ್ಲಿ ಮಡಿದ ಅವಿಭಜಿತ ಭಾರತದ ಕೂಲಿ ನಾವಿಕರು. ಇವರು ಸೈನಿಕರಲ್ಲ; ಕರಾರಿನ ಮೇಲೆ ಹಡಗು ಹತ್ತಿದ ಕಾರ್ಮಿಕರು. ಬ್ರಿಟಿಷ್ ದಾಖಲೆಗಳಲ್ಲಿ ಇವರ ಹೆಸರು ಲಸ್ಕರ್. ಸೈನ್ಯ ಎಂಬ ಅರ್ಥದ ಪಾರಸಿ ಪದ ಲಷ್ಕರ್ ಇದರ ಮೂಲ. ಕನ್ನಡದಲ್ಲಿ ಖಲಾಸಿ ಎಂಬ ಮಾತು ಬಳಕೆಯಲ್ಲಿದೆ.

ನೇಮಕ ಮತ್ತು ಕೆಲಸ: ಮುಂಬಯಿ ಮತ್ತು ಕಲ್ಕತ್ತ ನೇಮಕದ ಮುಖ್ಯ ಬಂದರುಗಳು. ಸಿಲ್ಹೆಟ್, ಚಿತ್ತಗಾಂಗ್, ಪಂಜಾಬ್, ಕೊಂಕಣ, ಗೋವಾಗಳಿಂದ ಹೆಚ್ಚಿನ ಜನ ಬರುತ್ತಿದ್ದರು. ಸಾರಂಗ ತಂಡದ ಮುಖ್ಯಸ್ಥ. ಅವನ ಕೈಕೆಳಗೆ ತಾಂಡೇಲ, ಅವನ ಕೆಳಗೆ ಖಲಾಸಿಗಳು. ಕೆಲಸ ಮೂರು ಬಗೆ: ಮೇಲಟ್ಟದ್ದು, ಇಂಜಿನು ಕೋಣೆಯದು, ಅಡುಗೆ ಮತ್ತು ಉಪಚಾರದ್ದು. ಸಂಬಳ ಬ್ರಿಟಿಷ್ ನಾವಿಕನ ಸಂಬಳದ ಮೂರನೆಯ ಒಂದರಿಂದ ಐದನೆಯ ಒಂದು ಭಾಗ. ಮಲಗುವ ಜಾಗವೂ ಊಟದ ಪಡಿಯೂ ಅದಕ್ಕೆ ತಕ್ಕಂತೆ ಕಡಿಮೆ. ಯುದ್ಧದಲ್ಲಿ ಶತ್ರುವಿನ ಟಾರ್ಪೆಡೊ ಹಡಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಬಡಿಯುತ್ತಿದ್ದುದರಿಂದ, ಇಂಜಿನು ಕೋಣೆಯಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರಿಗೆ ಮೇಲೆ ಬರಲು ಸಮಯವೇ ಇರುತ್ತಿರಲಿಲ್ಲ.

ಮೊದಲನೆಯ ಮಹಾಯುದ್ಧ (1914-18): ಈ ಅವಧಿಯಲ್ಲಿ 3,427 ಲಸ್ಕರರು ಸತ್ತು, ಸುಮಾರು 1,200 ಮಂದಿ ಸೆರೆಸಿಕ್ಕರೆಂದು ಲೆಕ್ಕವಿದೆ. ಬಂಗಾಳ ಮತ್ತು ಅಸ್ಸಾಮಿನ 896 ನಾವಿಕರ ನೆನಪಿಗೆ ಕಲ್ಕತ್ತದ ಹೂಗ್ಲಿ ದಂಡೆಯಲ್ಲಿ ಕಟ್ಟಿದ ಸ್ಮಾರಕವನ್ನು 1924ರಲ್ಲಿ ಬಂಗಾಳದ ಗವರ್ನರ್ ಲಾರ್ಡ್ ಲಿಟ್ಟನ್ ಅನಾವರಣ ಮಾಡಿದ.

1939ರ ಮುಷ್ಕರ: ಎರಡನೆಯ ಯುದ್ಧ ಶುರುವಾದ ಕೂಡಲೇ ಬ್ರಿಟನ್ನಿನ ಮತ್ತು ಇತರ ದೇಶಗಳ ಬಂದರುಗಳಲ್ಲಿ ಭಾರತೀಯ ನಾವಿಕರು ಕೆಲಸಕ್ಕೆ ಹೋಗಲು ನಿರಾಕರಿಸಿ ಸಂಬಳದ ಏರಿಕೆ ಹಾಗೂ ಯುದ್ಧ ಭತ್ಯೆ ಕೇಳಿದರು. ನೂರಾರು ಮಂದಿಯನ್ನು ಜೈಲಿಗೆ ಹಾಕಲಾಯಿತು. ಆದರೆ ಇವರಿಲ್ಲದೆ ಹಡಗುಗಳು ಹೊರಡುವಂತಿರಲಿಲ್ಲ. ಮಾಲೀಕರು ಕೂಲಿ ಹೆಚ್ಚಿಸಿದರು. ಅಪಾಯ ಎಷ್ಟೆಂದು ತಿಳಿದೇ, ಅದಕ್ಕೆ ಬೆಲೆ ಕೇಳಿ ಹಡಗು ಹತ್ತಿದವರು ಇವರು.

ಎರಡನೆಯ ಮಹಾಯುದ್ಧ (1939-45): ಬ್ರಿಟಿಷ್ ವಾಣಿಜ್ಯ ಹಡಗುಗಳ ಸಿಬ್ಬಂದಿಯಲ್ಲಿ ಸುಮಾರು ಕಾಲು ಪಾಲು ಭಾರತೀಯರಿದ್ದರು. 1940ರ ಸೆಪ್ಟೆಂಬರ್ 17ರ ರಾತ್ರಿ ಜರ್ಮನ್ ಜಲಾಂತರ್ಗಾಮಿ ಯು-48, ಅಟ್ಲಾಂಟಿಕ್‌ನಲ್ಲಿ ಸಿಟಿ ಆಫ್ ಬೆನಾರೆಸ್ ಹಡಗನ್ನು ಮುಳುಗಿಸಿತು. ಅದರಲ್ಲಿ ಕೆನಡಾಕ್ಕೆ ಕಳುಹಿಸುತ್ತಿದ್ದ 90 ಮಕ್ಕಳಿದ್ದರು. 77 ಮಕ್ಕಳು ಸತ್ತರು. ತೆಳು ಬಟ್ಟೆಯಲ್ಲಿದ್ದ ನೂರಕ್ಕೂ ಹೆಚ್ಚು ಲಸ್ಕರರು ನೀರಿನಲ್ಲಿ, ಚಳಿಯಲ್ಲಿ ಪ್ರಾಣಬಿಟ್ಟರು. ಒಂದು ದೋಣಿ ಎಂಟು ದಿನ ಕಡಲಲ್ಲಿ ತೇಲಿ ಪತ್ತೆಯಾಯಿತು. ಅದರಲ್ಲಿದ್ದ ನಲವತ್ತಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಭಾರತೀಯ ನಾವಿಕರೇ.

1942ರಲ್ಲಿ ಜಪಾನಿನೊಡನೆಯ ಯುದ್ಧ ಹಿಂದೂ ಮಹಾಸಾಗರಕ್ಕೆ ಬಂತು. ಜನವರಿಯಲ್ಲಿ ಭಾರತದ ಸಿಂಧಿಯಾ ಹಡಗು ಕಂಪನಿಯ ಜಲರಾಜನ್, ಜಲತರಂಗ್, ಜಲಪಾಲಕ ಹಡಗುಗಳನ್ನು ಜಪಾನೀ ಜಲಾಂತರ್ಗಾಮಿಗಳು ಮುಳುಗಿಸಿದವು. ನವೆಂಬರ್ 23ರಂದು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ತಿಲಾವಾ ಹಡಗು ಮುಳುಗಿ 280 ಮಂದಿ ಸತ್ತರು. ಯುದ್ಧದುದ್ದಕ್ಕೂ ಸುಮಾರು 6,600 ಭಾರತೀಯ ನಾವಿಕರು ಮಡಿದು, 1,022 ಮಂದಿ ಗಾಯಗೊಂಡು, 1,217 ಮಂದಿ ಸೆರೆಯಾದರು.

ಕನ್ನಡ ನಾಡಿನ ನಂಟು: ಈ ನಾವಿಕರ ಬದುಕನ್ನು ಶಾಸ್ತ್ರೀಯವಾಗಿ ಬರೆದಿಟ್ಟವರಲ್ಲಿ ಪ್ರಮುಖರು ಚುಟುಕ ಕವಿಯೆಂದು ಕನ್ನಡಿಗರು ಬಲ್ಲ, ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಕಡೆಯ ದಿನಕರ ದೇಸಾಯಿ (1909-82). ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ನಾವಿಕರ ಕಾರ್ಮಿಕ ಸಂಘಟನೆಯಲ್ಲಿ ದುಡಿದ ಅವರು, 1940ರಲ್ಲಿ ‘ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ’ ಎಂಬ ಇಂಗ್ಲಿಷ್ ಗ್ರಂಥ ಪ್ರಕಟಿಸಿದರು. ಅದೇ ವರ್ಷ ರೈತ ಚಳವಳಿಯ ಕಾರಣಕ್ಕೆ ಸರ್ಕಾರ ಅವರನ್ನು ತವರು ಜಿಲ್ಲೆಯಿಂದ ಗಡೀಪಾರು ಮಾಡಿತು.

ಸ್ಮರಣೆ: ಮಡಿದ ಬ್ರಿಟಿಷ್ ವಾಣಿಜ್ಯ ನಾವಿಕರ ಹೆಸರುಗಳನ್ನು ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಕೆತ್ತಲಾಗಿದೆ. ಎರಡನೆಯ ಯುದ್ಧದಲ್ಲಿ ಮಡಿದ ಭಾರತೀಯ ನಾವಿಕರ ಹೆಸರುಗಳಿರುವುದು ಗೌರವ ಪಟ್ಟಿಯ ಪುಸ್ತಕದಲ್ಲಿ. ಅದರ ಒಂದು ಪ್ರತಿ ಮುಂಬಯಿಯ ನಾವಿಕರ ವಸತಿಗೃಹದಲ್ಲಿ, ಇನ್ನೊಂದು ಚಿತ್ತಗಾಂಗ್‌ನಲ್ಲಿದೆ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟ ನೆನಪಿಗೆ 1964ರಿಂದ ಆ ದಿನವನ್ನು ರಾಷ್ಟ್ರೀಯ ಕಡಲಯಾನ ದಿನವಾಗಿ ಆಚರಿಸಲಾಗುತ್ತಿದೆ.