ಗಣಕದ ಬೀಗವೂ ಯಜಮಾನನ ಕೀಲಿಕೈಯೂ



ಗಣಕಯಂತ್ರದ ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ, ಲಿನಕ್ಸೂ ಅಲ್ಲ. ಒಳಗಿನ ಚಿಪ್ ಒಂದರಲ್ಲಿ ನೆಲೆಸಿರುವ ಫರ್ಮ್‌ವೇರ್ ಎಂಬ ಪುಟ್ಟ ಕ್ರಮವಿಧಿ ಮೊದಲು ಎದ್ದು, ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ಅಧಿಕಾರವನ್ನು ಕಾರ್ಯಾಚರಣೆ ವ್ಯವಸ್ಥೆಗೆ ಒಪ್ಪಿಸುತ್ತದೆ. ಯಾರಿಗೆ ಒಪ್ಪಿಸಬೇಕೆಂಬುದನ್ನು ನಿರ್ಧರಿಸುವವರು ಯಾರು? ನಲವತ್ತು ವರ್ಷಗಳ ಈ ಚರಿತ್ರೆಯ ತಿರುಳು ಈ ಪ್ರಶ್ನೆಯಲ್ಲಿದೆ.

1981ರಲ್ಲಿ ಬಂದ ಐಬಿಎಂ ಪಿಸಿಯ ಫರ್ಮ್‌ವೇರಿಗೆ ಬಯಾಸ್ ಎಂದು ಹೆಸರು. ಅದು ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ, ಬರೆದವರು ಯಾರೆಂದು ವಿಚಾರಿಸದೆ ನಡೆಸಿಬಿಡುತ್ತಿತ್ತು. ಈ ಮುಗ್ಧತೆಯೇ ಮುಳುವಾಯಿತು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಬ್ರೈನ್ ವೈರಸ್ ಫ್ಲಾಪಿಯ ಆ ಮೊದಲ ಭಾಗದಲ್ಲಿಯೇ ಮನೆ ಮಾಡಿತು. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಅನೇಕ ಯಂತ್ರಗಳ ಫರ್ಮ್‌ವೇರನ್ನೇ ಕೆಡಿಸಿ, ಅವು ಮತ್ತೆ ಏಳದಂತೆ ಮಾಡಿತು.

ಬಯಾಸ್‌ಗೆ ಬದಲಾಗಿ ಇಂಟೆಲ್ ರೂಪಿಸಿದ ವ್ಯವಸ್ಥೆ 2005ರಿಂದ ಅನೇಕ ಕಂಪನಿಗಳು ಕೂಡಿದ ವೇದಿಕೆಯೊಂದರ ಕೈಸೇರಿ ಯುಇಎಫ್ಐ ಎನಿಸಿತು. ಅದರ ಸೆಕ್ಯೂರ್ ಬೂಟ್, ಅಂಗೀಕೃತ ಡಿಜಿಟಲ್ ಸಹಿಯಿರುವ ಕ್ರಮವಿಧಿಗೆ ಮಾತ್ರ ಬಾಗಿಲು ತೆರೆಯುತ್ತದೆ. 2012ರ ವಿಂಡೋಸ್ 8ರೊಡನೆ ಮಾರುವ ಯಂತ್ರಗಳಲ್ಲಿ ಇದು ಮೊದಲಿನಿಂದಲೇ ಜಾರಿಯಲ್ಲಿರಬೇಕೆಂದು ಮೈಕ್ರೋಸಾಫ್ಟ್ ವಿಧಿಸಿತು.

ಹಾಗಾದರೆ ಲಿನಕ್ಸ್ ಬಳಸುವವರ ಗತಿ? 2011ರ ಸೆಪ್ಟೆಂಬರಿನಲ್ಲಿ ಮ್ಯಾಥ್ಯೂ ಗ್ಯಾರೆಟ್ ಎತ್ತಿದ ಈ ಪ್ರಶ್ನೆ ದೊಡ್ಡ ವಿವಾದವಾಯಿತು. ಸಾಮಾನ್ಯ ಪಿಸಿಗಳಲ್ಲಿ ಒಡೆಯನು ಬೀಗವನ್ನು ತೆಗೆಯಲೂ ತನ್ನದೇ ಕೀಲಿಯನ್ನು ಸೇರಿಸಲೂ ಅವಕಾಶವಿರಬೇಕೆಂಬ ನಿಯಮ ಬಂದಿತು. ಎಆರ್‌ಎಂ ಚಿಪ್‌ನ ವಿಂಡೋಸ್ ಆರ್‌ಟಿ ಯಂತ್ರಗಳಿಗೆ ಆ ಭಾಗ್ಯವಿರಲಿಲ್ಲ. 2012ರಲ್ಲಿ ಮೈಕ್ರೋಸಾಫ್ಟಿನ ಸಹಿ ಪಡೆದ ಶಿಮ್ ಎಂಬ ಪುಟ್ಟ ಸೇತುವೆಯಿಂದ ಬೀಗ ತೆಗೆಯದೆಯೂ ಲಿನಕ್ಸ್ ನಡೆಸುವುದು ಸಾಧ್ಯವಾಯಿತು. 2015ರ ವಿಂಡೋಸ್ 10ರ ಹೊತ್ತಿಗೆ, ಬೀಗ ತೆಗೆಯುವ ಸೌಲಭ್ಯವನ್ನು ಕೊಡುವುದು ಬಿಡುವುದು ತಯಾರಕರ ಇಚ್ಛೆಗೆ ಸೇರಿತು.

ಇಂದು ಆ ಕೋಣೆಯನ್ನು ಪ್ರವೇಶಿಸಲು ಗುಂಡಿ ಒತ್ತಿದ ಕೂಡಲೇ ಎಫ್2, ಡಿಲೀಟ್ ಮೊದಲಾದ ಕೀಲಿಗಳನ್ನು ಒತ್ತುವುದುಂಟು. ಯಂತ್ರ ಬಹು ಬೇಗ ಏಳುವುದಾದರೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ರಿಕವರಿ, ಅಡ್ವಾನ್ಸ್‌ಡ್ ಸ್ಟಾರ್ಟಪ್ ಎಂಬ ದಾರಿ ಹಿಡಿದು ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ತಲುಪಬಹುದು. ಆದರೆ ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆಯಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಳ್ಳುವುದು ವಿವೇಕ. ಇಲ್ಲವಾದರೆ ನಮ್ಮ ಕಡತಗಳಿಗೆ ನಾವೇ ಹೊರಗಿನವರಾಗುವ ಸಂಭವವುಂಟು.

ಈ ಬೀಗವೂ ಅಭೇದ್ಯವಲ್ಲ. ಅದನ್ನು ದಾಟಬಲ್ಲ ಬ್ಲ್ಯಾಕ್‌ಲೋಟಸ್ ಎಂಬ ದುಷ್ಟ ತಂತ್ರಾಂಶ 2022ರಲ್ಲಿ ಬೆಳಕಿಗೆ ಬಂದಿತು. ಆದರೂ ಬೀಗವೇ ಬೇಡವೆನ್ನುವುದು ಜಾಣತನವಲ್ಲ. ಬೀಗವಿರಲಿ, ಅದನ್ನು ಮಾಡಿದವನ ಬಳಿ ಮಾತ್ರವಲ್ಲದೆ ಹಣ ಕೊಟ್ಟು ಕೊಂಡವನ ಬಳಿಯೂ ಕೀಲಿಕೈ ಇರಲಿ. ಮುಂದಿನ ಯಂತ್ರವನ್ನು ಕೊಳ್ಳುವಾಗ ಅಂಗಡಿಯಲ್ಲಿ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿರೆಂದು ವಿನಂತಿಸಿ ವಿರಮಿಸುತ್ತೇನೆ.